ಪುಸ್ತಕ ಹೊತ್ತು ಊರೂರು ತಿರುಗಿದ ಗಳಗನಾಥರು

ಕಾದಂಬರಿ ಬರೆದವರೇ ಅದನ್ನು ಹೊತ್ತು ಊರೂರು ತಿರುಗಿ ಮಾರಿದ್ದನ್ನು ಕೇಳಿದ್ದೀರಾ? ಗಳಗನಾಥರು ಹಾಗೆ ಮಾರಿದವರು.

ಅವರ ನಿಜ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. 1869ರಲ್ಲಿ ಹುಟ್ಟಿದರು. ಈಗಿನ ಹಾವೇರಿ ಜಿಲ್ಲೆಯ ಗಳಗನಾಥ ಅವರ ಊರು. ವರದಾ ನದಿ ತುಂಗಭದ್ರೆಯನ್ನು ಸೇರುವುದು ಅಲ್ಲೇ. ಊರಿನ ಹೆಸರೇ ಅವರ ಹೆಸರಾಯಿತು. ವೃತ್ತಿಯಲ್ಲಿ ಶಾಲಾ ಮಾಸ್ತರು.

ಆಗ ಆ ಭಾಗ ಮುಂಬೈ ಪ್ರಾಂತ್ಯದಲ್ಲಿತ್ತು. ಓದು ಬಲ್ಲವರಲ್ಲಿ ಮರಾಠಿಯದೇ ಜೋರು. ಜನ ಮರಾಠಿಯಲ್ಲಿ ಮೆಚ್ಚಿ ಓದುತ್ತಿದ್ದ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನೇ ಗಳಗನಾಥರು ಕನ್ನಡಕ್ಕೆ ತಂದರು. 1907ರಲ್ಲಿ ಅಗಡಿಯಿಂದ ಹೊರಟ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯ ಮೂಲಕ ಮನೆಮನೆಗೆ ಕಥೆ ಮುಟ್ಟಿಸಿದರು. ವಿಜಯನಗರ ಹುಟ್ಟಿದ ಕಥೆಯನ್ನು 'ಮಾಧವ ಕರುಣಾ ವಿಲಾಸ'ದಲ್ಲಿ ಹೇಳಿದರು. ನಮಗೂ ಒಂದು ದೊಡ್ಡ ರಾಜ್ಯವಿತ್ತು ಎಂಬ ಅಭಿಮಾನ ಓದಿದವರಲ್ಲಿ ಮೂಡಿತು. ಕರ್ನಾಟಕ ಒಂದಾಗುವುದನ್ನು ನೋಡಲು ಅವರಿರಲಿಲ್ಲ, 1942ರಲ್ಲಿ ತೀರಿಕೊಂಡರು.

ಹಳ್ಳಿಯವರು ಓದುವುದಿಲ್ಲ ಎಂಬ ಮಾತನ್ನು ನಾವು ಈಗಲೂ ಕೇಳುತ್ತೇವೆ. ಗಳಗನಾಥರನ್ನು ನೆನೆದಾಗ ನಮಗೆ ಬೇರೆಯದೇ ಪ್ರಶ್ನೆ ಏಳುತ್ತದೆ: ಹಳ್ಳಿಯ ತನಕ ಪುಸ್ತಕ ಹೊತ್ತು ತರುವವರು ಈಗ ಎಷ್ಟು ಮಂದಿ ಇದ್ದಾರೆ?