ಹವಾನಿಯಂತ್ರಕದ ಫಿಲ್ಟರ್ ಶುಚೀಕರಣ

ಹವಾನಿಯಂತ್ರಕದ ಫಿಲ್ಟರ್ ಶುಚೀಕರಣವೆಂದರೆ, ಮನೆಯ ಏಸಿಯೊಳಕ್ಕೆ ಸೇರುವ ಗಾಳಿಯ ದೂಳನ್ನು ತಡೆಯುವ ಜಾಲರಿಯನ್ನು ಆಗಾಗ ಹೊರತೆಗೆದು, ತೊಳೆದು, ಒಣಗಿಸುವ ನಿರ್ವಹಣಾ ಕಾರ್ಯ. ಗೋಡೆಗೆ ಕೂರಿಸುವ ಸ್ಪ್ಲಿಟ್ ಮಾದರಿಯಲ್ಲಿ ಈ ಜಾಲರಿ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಬಿಗಿದ ತೆಳುವಾದ ಹೆಣಿಗೆಯಾಗಿದ್ದು, ಒಳಘಟಕದ ಮುಚ್ಚಳದ ಹಿಂದೆ, ಶೀತಕದ್ರವ ಹರಿಯುವ ತಂಪುಸುರುಳಿಯ ಮುಂದೆ ಇರುತ್ತದೆ. ಈ ಸುರುಳಿ ಗಾಳಿಯನ್ನು ತಂಪಾಗಿಸುವುದರ ಜೊತೆಗೆ ಅದರ ತೇವವನ್ನೂ ತೆಗೆಯುತ್ತದೆ; ಅಮೆರಿಕದ ಎಂಜಿನಿಯರ್ ವಿಲಿಸ್ ಕ್ಯಾರಿಯರ್ 1902ರಲ್ಲಿ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕೆ ರೂಪಿಸಿದ ಹವಾನಿಯಂತ್ರಣ ವ್ಯವಸ್ಥೆಯ ಮೂಲ ಉದ್ದೇಶ ತೇವಾಂಶದ ಹತೋಟಿಯಾಗಿತ್ತು. ಮಂಗಳೂರು, ಉಡುಪಿ, ಕಾರವಾರಗಳಂಥ ಕರಾವಳಿ ಊರುಗಳಲ್ಲಿ ಇಂದಿಗೂ ಯಂತ್ರದ ದುಡಿಮೆಯ ದೊಡ್ಡ ಪಾಲು ಗಾಳಿಯ ತೇವವನ್ನು ಹಿಂಡುವುದಕ್ಕೇ ಸಲ್ಲುತ್ತದೆ. ಆ ತೇವ ಸುರುಳಿಯ ಮೇಲೆ ನೀರಾಗಿ ಇಳಿಯುವುದರಿಂದ, ಜಾಲರಿಯನ್ನು ದಾಟಿದ ದೂಳು ಅಲ್ಲಿ ಕೆಸರಿನಂತೆ ಅಂಟಿಕೊಂಡು ಬೂಷ್ಟಿಗೆ ನೆಲೆಯಾಗುತ್ತದೆ, ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡು ಘಟಕ ಕೋಣೆಯೊಳಗೇ ಸೋರತೊಡಗುತ್ತದೆ. ಜಾಲರಿಯೇ ಮುಚ್ಚಿಹೋದಾಗ ಗಾಳಿಯ ಹರಿವು ಕುಗ್ಗಿ ವಿದ್ಯುತ್ ವೆಚ್ಚ ಏರುವುದಲ್ಲದೆ, ಸುರುಳಿಯ ಉಷ್ಣತೆ 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದು ಮಂಜುಗಡ್ಡೆ ಕಟ್ಟುವುದೂ ಉಂಟು. ವಿದ್ಯುತ್ ಸಂಪರ್ಕವನ್ನು ತಪ್ಪಿಸಿ, ದೂಳು ಕೊಡವಿ, ಉಗುರುಬೆಚ್ಚಗಿನ ನೀರನ್ನು ಜಾಲರಿಯ ಹಿಂಬದಿಯಿಂದ ಹಾಯಿಸಿ, ನೆರಳಿನಲ್ಲಿ ಒಣಗಿಸುವುದು ಸರಿಯಾದ ಕ್ರಮ. ಕುದಿನೀರು ಮತ್ತು ಕಡುಬಿಸಿಲು ಚೌಕಟ್ಟನ್ನು ಸೊಟ್ಟಗಾಗಿಸುತ್ತವೆ. ಮಳೆಗಾಲದಲ್ಲಿ ಒಣಗುವಿಕೆ ನಿಧಾನವಾದುದರಿಂದ ಫ್ಯಾನಿನ ಗಾಳಿಯ ನೆರವು ಅಗತ್ಯ, ಏಕೆಂದರೆ ಒದ್ದೆ ಜಾಲರಿಯನ್ನು ಮರಳಿ ಕೂರಿಸಿದರೆ ತೊಳೆದ ಪ್ರಯೋಜನವೇ ಕೆಡುತ್ತದೆ. ನಿತ್ಯ ಬಳಕೆಯಲ್ಲಿರುವ ಯಂತ್ರದ ಜಾಲರಿಯನ್ನು ಎರಡು ವಾರಗಳಿಗೊಮ್ಮೆ ತೊಳೆಯುವುದು ವಾಡಿಕೆ. ಕೆಲವು ಮಾದರಿಗಳಲ್ಲಿ ಜೊತೆಗಿರುವ ಇದ್ದಿಲಿನ ಫಿಲ್ಟರನ್ನು ಸಾಮಾನ್ಯವಾಗಿ ತೊಳೆಯದೆ, ಅವಧಿ ಮುಗಿದಾಗ ಬದಲಾಯಿಸಲಾಗುತ್ತದೆ.