ರಾಜೀನಾಮೆ: ಕೆಲಸ ಬಿಡುವ ಹಕ್ಕು ನಡೆದು ಬಂದ ದಾರಿ

ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯ ಹಳೆಯ ಕಂದಾಯ ದಫ್ತರಗಳಲ್ಲಿ ‘ರಾಜೀನಾಮೆ’ ಎಂಬ ಮಾತು ನೌಕರಿಗಿಂತ ಹೆಚ್ಚಾಗಿ ಹೊಲಕ್ಕೆ ಸೇರಿದ್ದು. ಮುಂಬಯಿ ಪ್ರಾಂತ್ಯದ ರೈತವಾರಿ ಪದ್ಧತಿಯಲ್ಲಿ ಹೊಲ ಬಿಟ್ಟುಕೊಡುವ ರೈತ ಸರ್ಕಾರಕ್ಕೆ ರಾಜೀನಾಮೆ ಬರೆದುಕೊಡುತ್ತಿದ್ದ. ಅದನ್ನು ವಹಿಸಿಕೊಳ್ಳುವವನು ‘ಕಬೂಲಾಯತಿ’ ಬರೆದುಕೊಡುತ್ತಿದ್ದ. ಎರಡೂ ಕಾಗದ ಸೇರಿದರೆ ಖಾತೆ ಬದಲಾಗುತ್ತಿತ್ತು. 1879ರ ಮುಂಬಯಿ ಭೂಕಂದಾಯ ಸಂಹಿತೆಯ ಪ್ರಕಾರ ಹೊಲ ಬಿಡುವವನು ಅದನ್ನು ಮುಂಚಿತವಾಗಿ, ಲಿಖಿತವಾಗಿ ತಿಳಿಸಬೇಕಿತ್ತು.

ರಾಜಿ ಎಂದರೆ ಒಪ್ಪಿಗೆ, ನಾಮೆ ಎಂದರೆ ಬರಹ. ಫಾರ್ಸಿಯಿಂದ ಬಂದ ಈ ಜೋಡಿಪದವೇ ಕನ್ನಡದಲ್ಲಿ ಕೆಲಸ ಬಿಡುವ ಪತ್ರದ ಹೆಸರಾಗಿ ನಿಂತಿತು. ಒಂದು ಹಳೆಯ ತಕರಾರು ಈ ಹೆಸರಿನೊಳಗೇ ಅಡಗಿದೆ. ಕೆಲಸ ಬಿಡಲು ಬಿಡುವವನೊಬ್ಬ ರಾಜಿಯಾದರೆ ಸಾಕೇ, ಇಟ್ಟುಕೊಂಡವನೂ ರಾಜಿಯಾಗಬೇಕೇ? ಪ್ರೊಬೇಷನ್ ಮುಗಿಯುವ ಮುನ್ನವೇ ಕೆಲಸ ಬಿಟ್ಟು, ನೋಟಿಸ್ ಅವಧಿಯ ಹಣ ಕಟ್ಟಿ ಎಂಬ ಇಮೇಲ್ ಪಡೆಯುವ ಇಂದಿನ ಹುಡುಗ ಹುಡುಗಿಯರ ಮುಂದೆಯೂ ಇರುವುದು ಇದೇ ಪ್ರಶ್ನೆ. ಒಂದು ಕಾಲದಲ್ಲಿ ಇದಕ್ಕೆ ಸಿಗುತ್ತಿದ್ದ ಉತ್ತರ ಸೆರೆಮನೆ.

1859ರಲ್ಲಿ ಬ್ರಿಟಿಷ್ ಸರ್ಕಾರ 13ನೇ ಕಾಯ್ದೆಯಾಗಿ ‘ಕೆಲಸಗಾರರ ಕರಾರು ಭಂಗ ಕಾಯ್ದೆ’ಯನ್ನು ತಂದಿತು. ಕಲ್ಕತ್ತದ ವ್ಯಾಪಾರಿಗಳ ಸಂಘದ ಮನವಿ ಅದರ ಹಿಂದಿತ್ತು. ಮುಂಗಡ ಪಡೆದ ಕುಶಲಕರ್ಮಿಗಳು ಕೆಲಸ ಮುಗಿಸದೆ ಹೊರಟುಹೋಗುತ್ತಾರೆ ಎಂಬುದು ಅವರ ದೂರು. ಮೊದಲು ಕಲ್ಕತ್ತ, ಮದರಾಸು, ಮುಂಬಯಿಗಳಿಗೆಂದು ಮಾಡಿದ ಈ ಕಾಯ್ದೆಯನ್ನು ಬೇರೆ ಕಡೆಗೂ ಹಬ್ಬಿಸಲು ಅದರಲ್ಲೇ ಅವಕಾಶವಿತ್ತು. ಮುಂಗಡ ತೆಗೆದುಕೊಂಡವನು ಸಕಾರಣವಿಲ್ಲದೆ ಕೆಲಸಕ್ಕೆ ಬಾರದಿದ್ದರೆ ಮಾಲೀಕ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬಹುದು. ಹಣ ಹಿಂದಿರುಗಿಸಬೇಕೋ, ಕೆಲಸವನ್ನೇ ಮಾಡಬೇಕೋ ಎಂದು ಆರಿಸುವವನು ದೂರುದಾರನೇ. ಅಂದರೆ ಕೂಲಿಯವನು ಸಾಲ ತೀರಿಸುತ್ತೇನೆ ಎಂದರೂ ಮಾಲೀಕ ‘ಬೇಡ, ಕೆಲಸಕ್ಕೇ ಬಾ’ ಎನ್ನಬಹುದಿತ್ತು. ಆ ಆದೇಶಕ್ಕೆ ತಪ್ಪಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಮಾಲೀಕನೇ ಮಾತು ತಪ್ಪಿದರೆ ಈ ಕಾಯ್ದೆಯಲ್ಲಿ ಅವನಿಗೆ ಯಾವ ಸಜೆಯೂ ಇರಲಿಲ್ಲ.

ಇದರ ಬಿಸಿ ಕೊಡಗಿನ ಕಾಫಿ ತೋಟಗಳಿಗೂ ತಟ್ಟಿತು. 1854ರಲ್ಲಿ ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ತೋಟ ಎದ್ದ ಮೇಲೆ ಕಾಡು ಕಡಿಯಲು, ಗುಂಡಿ ತೋಡಲು, ಹಣ್ಣು ಕೊಯ್ಯಲು ಕೈಗಳು ಬೇಕಾದವು. ಮೈಸೂರು ಸೀಮೆಯಿಂದ, ದಕ್ಷಿಣ ಕನ್ನಡದಿಂದ, ಮಲಬಾರಿನಿಂದ ಜನ ಬಂದರು. ಅವರನ್ನು ಕರೆತರುತ್ತಿದ್ದವನು ಮೇಸ್ತ್ರಿ. ದೊರೆಯಿಂದ ಮುಂಗಡ ತಂದು ಊರೂರು ಸುತ್ತಿ, ಮನೆಮನೆಗೆ ಒಂದಿಷ್ಟು ಹಣ ಕೊಟ್ಟು, ಒಂದು ತಂಡ ಕಟ್ಟಿ ಘಟ್ಟ ಹತ್ತಿಸುವುದು ಅವನ ಕಸುಬು. ಮದುವೆಗೋ ಬಿತ್ತನೆಗೋ ಖರ್ಚಾಗಿಹೋದ ಆ ಮುಂಗಡವೇ ಅವರ ನೇಮಕದ ಪತ್ರ. ಲೈನ್‌ಮನೆಯಲ್ಲಿ ಮಲೇರಿಯಾ ಹಿಡಿದು ಊರಿಗೆ ಓಡಿಹೋದವನು ‘ಓಡುಗ’ನಾಗುತ್ತಿದ್ದ, ಅವನ ಹಿಂದೆ ವಾರಂಟು ಹೊರಡಬಹುದಿತ್ತು. ನೋಟಿಸ್ ಅವಧಿ ಎಂಬ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ.

ಇಂಗ್ಲೆಂಡಿನಲ್ಲೂ ಮೊದಲು ಇಂಥದೇ ಶಾಸನವಿತ್ತು. ಆದರೆ ಅಲ್ಲಿಯ ಕಾರ್ಮಿಕರು ಹೋರಾಡಿ 1875ರಲ್ಲಿ ಅದನ್ನು ತೆಗೆಸಿದರು. ಭಾರತದ ಕೂಲಿಯವನು ಅದಕ್ಕೆ ಇನ್ನೂ ಐವತ್ತು ವರ್ಷ ಕಾಯಬೇಕಾಯಿತು. 1859ರ ಕಾಯ್ದೆಯನ್ನು ರದ್ದುಮಾಡುವ ಶಾಸನ ಬಂದದ್ದು 1925ರಲ್ಲಿ. ಆಗಲೂ ಕೊಡಗಿನಲ್ಲಿ ತೋಟಗಾರರ ಒತ್ತಾಯ ಬಲವಾಗಿತ್ತು. 1926ರಲ್ಲಿ ಅಲ್ಲಿ ಬೇರೆಯದೇ ಕಾರ್ಮಿಕ ಕಾಯ್ದೆಯೊಂದು ಬಂದು, ಶಿಕ್ಷೆಯ ಕರಾರನ್ನು ಇನ್ನೂ ಕೆಲವು ವರ್ಷ ಉಳಿಸಿಕೊಂಡಿತು.

ಸೆರೆಮನೆಯ ಭಯ ಹೋದ ಮೇಲೆ ಅದರ ಜಾಗಕ್ಕೆ ಸಂಬಳ ಬಂತು. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ತಿಂಗಳ ಪಗಾರವನ್ನು ದಿನಗಟ್ಟಲೆ ತಡೆದಿಟ್ಟು ಕೊಡುವುದು ರೂಢಿ. ತಿಂಗಳ ನೋಟಿಸ್ ಕೊಡದೆ ಬಿಟ್ಟವನ ಬಾಕಿ ಪಗಾರ ಮುಟ್ಟುಗೋಲಾಗುತ್ತಿತ್ತು. 1936ರ ವೇತನ ಪಾವತಿ ಕಾಯ್ದೆ ಇಂಥ ಕಡಿತಗಳಿಗೆ ಒಂದು ಮಿತಿ ಹಾಕಿತು. ಹತ್ತು ಅಥವಾ ಹೆಚ್ಚು ಜನ ಒಟ್ಟಾಗಿ, ಸರಿಯಾದ ನೋಟಿಸ್ ಕೊಡದೆ, ಸಕಾರಣವಿಲ್ಲದೆ ಗೈರಾದರೆ, ಕರಾರಿನಲ್ಲಿ ಅಂಥ ಷರತ್ತಿದ್ದರೆ ಮಾತ್ರ, ಎಂಟು ದಿನಗಳ ಸಂಬಳದವರೆಗೆ ಹಿಡಿದುಕೊಳ್ಳಬಹುದು ಎಂದಿತು.

ಇಂದಿನ ನೇಮಕಾತಿ ಪತ್ರಗಳ ಬೇರು ಇರುವುದು 1946ರಲ್ಲಿ. ಆ ವರ್ಷದ ಸ್ಥಾಯೀ ಆದೇಶಗಳ ಕಾಯ್ದೆ, ಕೆಲಸದ ಷರತ್ತುಗಳನ್ನು ಬರೆದು, ಕಾರ್ಮಿಕರಿಗೆ ಕಾಣುವಂತೆ ಗೋಡೆಗೆ ಹಚ್ಚಬೇಕು ಎಂದು ಕಾರ್ಖಾನೆಗಳಿಗೆ ಹೇಳಿತು. ಮಾದರಿ ಆದೇಶದಲ್ಲಿ ಪ್ರೊಬೇಷನರ್ ಎಂದರೆ ಕಾಯಂ ಹುದ್ದೆಗೆ ತಾತ್ಕಾಲಿಕವಾಗಿ ಬಂದು ಮೂರು ತಿಂಗಳ ಸೇವೆ ಮುಗಿಸದವನು. ತಿಂಗಳ ಸಂಬಳದ ಕಾಯಂ ನೌಕರನ ವಿಷಯದಲ್ಲಿ ಮಾಲೀಕನಾಗಲಿ ನೌಕರನಾಗಲಿ ಒಂದು ತಿಂಗಳ ನೋಟಿಸ್ ಕೊಡಬೇಕಿತ್ತು, ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕಿತ್ತು. ಪ್ರೊಬೇಷನರನ ವಿಷಯದಲ್ಲಿ ಮಾತ್ರ ನೋಟಿಸೂ ಇರಲಿಲ್ಲ, ಬದಲಿ ಹಣವೂ ಇರಲಿಲ್ಲ. ಪರೀಕ್ಷೆ ನಡೆಯುತ್ತಿರುವಾಗ ಇಬ್ಬರೂ ಹಗುರವಾಗಿ ಕೈಬಿಡಬಹುದು ಎಂಬುದು ಈ ಏರ್ಪಾಟಿನ ತಿರುಳಾಗಿತ್ತು. ಮುಂದೆ ಕಂಪನಿಗಳ ಕರಾರುಗಳಲ್ಲಿ ಈ ಸಮತೂಕ ತಪ್ಪಿತು. ತೆಗೆಯುವವರಿಗೆ ಹಗುರವಾಗಿಯೇ ಉಳಿದದ್ದು ಬಿಡುವವರಿಗೆ ಭಾರವಾಗುತ್ತಾ ಹೋಯಿತು.

ಸರ್ಕಾರಿ ನೌಕರಿಯಲ್ಲಿ ಪ್ರೊಬೇಷನ್ನಿನ ಮರ್ಯಾದೆಯೇ ಬೇರೆ. ಕರ್ನಾಟಕದಲ್ಲಿ ‘ಗೆಜೆಟೆಡ್ ಪ್ರೊಬೇಷನರ್’ ಎಂದರೆ ಲೋಕಸೇವಾ ಆಯೋಗದ ದೊಡ್ಡ ಪರೀಕ್ಷೆ ಗೆದ್ದವರು. 1977ರ ರಾಜ್ಯ ನಿಯಮಗಳು ಈ ಅವಧಿಯನ್ನು ಕನಿಷ್ಠ ಎರಡು ವರ್ಷ ಎಂದು ಗೊತ್ತುಮಾಡಿವೆ. ಪ್ರೊಬೇಷನರ್ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಕಳಂಕ ಹೊರಿಸಿ ಕಳಿಸುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 1974ರಲ್ಲಿ ಪಂಜಾಬಿನ ಇಬ್ಬರು ಕೆಳಹಂತದ ನ್ಯಾಯಾಧೀಶರ ಪ್ರಕರಣದಲ್ಲಿ ಗಟ್ಟಿಯಾಗಿ ಹೇಳಿತು. ಆದೇಶದ ಮಾತು ಎಷ್ಟೇ ನಯವಾಗಿರಲಿ, ಅದರ ಹಿಂದೆ ಶಿಕ್ಷೆ ಅಡಗಿದ್ದರೆ ವಿಚಾರಣೆ ನಡೆಯಲೇಬೇಕು. ಇತ್ತ ರಾಜೀನಾಮೆಯ ವಿಷಯದಲ್ಲಿ, ಸಾಮಾನ್ಯ ಸರ್ಕಾರಿ ನೌಕರ ಬರೆದ ಪತ್ರ ಮೇಲಿನವರು ಅಂಗೀಕರಿಸಿದಾಗಲೇ ಜಾರಿಯಾಗುತ್ತದೆ. ಹಳೆಯ ‘ರಾಜಿ’ಯ ಅರ್ಥ ಅಲ್ಲಿ ಇನ್ನೂ ಉಸಿರಾಡುತ್ತಿದೆ.

ಈ ನಡುವೆ, ಹಳ್ಳಿಗಳಲ್ಲಿ ಮುಂಗಡದ ಕಟ್ಟು ಜೀತವಾಗಿ ಉಳಿದೇ ಇತ್ತು. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದ ಇಪ್ಪತ್ತೈದು ವರ್ಷಗಳ ನಂತರ, 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯಾಗಿ ಬಂದು 1976ರಲ್ಲಿ ಕಾಯ್ದೆಯಾದ ಶಾಸನ ಆ ಸಾಲಗಳನ್ನೆಲ್ಲ ಒಂದೇ ಏಟಿಗೆ ಅಳಿಸಿತು. 1859ರ ಕಾಯ್ದೆ ಮುಂಗಡ ಪಡೆದು ಬಿಟ್ಟುಹೋದವನನ್ನು ಅಪರಾಧಿ ಎಂದಿತ್ತು. 1976ರ ಕಾಯ್ದೆ ಮುಂಗಡ ಕೊಟ್ಟು ಕಟ್ಟಿಹಾಕಿದವನನ್ನು ಅಪರಾಧಿ ಎಂದಿತು. ಈ ತಿರುವಿಗೆ ಹಿಡಿದದ್ದು 117 ವರ್ಷ.

ಬೆಂಗಳೂರಿನ ಐಟಿ ಕಚೇರಿಗಳ ನೋಟಿಸ್ ಜಗಳ ಹೊಟ್ಟೆಪಾಡಿನ ಲೆಕ್ಕದಲ್ಲಿ ಇದಕ್ಕಿಂತ ಬಹಳ ದೂರ. ಆದರೂ ಅದರ ಗಂಟು ಇದೇ ನೂಲಿನದು. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ 1946ರ ಕಾಯ್ದೆಯಿಂದ ಮತ್ತೆ ಮತ್ತೆ ವಿನಾಯಿತಿ ಕೊಡುತ್ತಾ ಬಂದಿತು. 2024ರಲ್ಲೂ ಅದನ್ನು ಮುಂದುವರಿಸಿತು. ಹೀಗಾಗಿ ಅಲ್ಲಿ ಷರತ್ತು ಎಂದರೆ ನೇಮಕಾತಿ ಪತ್ರದಲ್ಲಿ ಬರೆದದ್ದೇ ಆಯಿತು. ಪ್ರೊಬೇಷನ್ನಿನಲ್ಲಿ ಹದಿನೈದು ದಿನವೋ ತಿಂಗಳೋ ಇರುವ ನೋಟಿಸ್, ಕಾಯಂ ಆದ ಮೇಲೆ ಹಲವು ದೊಡ್ಡ ಕಂಪನಿಗಳಲ್ಲಿ ತೊಂಬತ್ತು ದಿನಕ್ಕೆ ಏರುತ್ತದೆ. ಪ್ರೊಬೇಷನ್ನಿನ ಆರು ತಿಂಗಳು ಮುಗಿದೂ ಕಾಯಂ ಪತ್ರ ಬಾರದಿದ್ದರೆ ನೌಕರ ಪ್ರೊಬೇಷನರೋ ಅಲ್ಲವೋ? ಉಳಿದ ರಜೆಯನ್ನು ನೋಟಿಸಿಗೆ ಹೊಂದಿಸಿಕೊಳ್ಳಬಹುದೇ? ಹೊಸ ಕಂಪನಿ ನೋಟಿಸಿನ ಬದಲಿಗೆ ‘ಬೈಔಟ್’ ಹಣ ಕೊಡುತ್ತೇನೆಂದರೂ ಹಳೆಯ ಮ್ಯಾನೇಜರ್ ಬೇಡವೆನ್ನಬಹುದೇ? ಕೊನೆಯ ಪ್ರಶ್ನೆ ಕೊಡಗಿನ ತೋಟದಿಂದಲೇ ನಡೆದು ಬಂದಂತಿದೆ: ಹಣವೋ, ಕೆಲಸವೋ ಎಂದು ಆರಿಸುವವರು ಯಾರು?

ಕಾನೂನು ಒಂದು ಮಾತನ್ನಂತೂ ಸ್ಪಷ್ಟವಾಗಿ ಹೇಳುತ್ತದೆ. ಮನಸ್ಸಿಲ್ಲದವನನ್ನು ಕೂರಿಸಿ ದುಡಿಸುವ ಆದೇಶವನ್ನು ಯಾವ ಸಿವಿಲ್ ಕೋರ್ಟೂ ಕೊಡದು. ಮಾಲೀಕ ಕೇಳಬಹುದಾದದ್ದು ಪರಿಹಾರದ ಹಣ. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಅದೂ ನ್ಯಾಯವೆನಿಸುವಷ್ಟೇ, ಪತ್ರದಲ್ಲಿ ಬರೆದ ಮೊತ್ತಕ್ಕೆ ಮೀರದಷ್ಟೇ. ಆದರೆ ಕಂಪನಿಯ ಕೈಯಲ್ಲಿ ಕೋರ್ಟಿಗಿಂತ ಹತ್ತಿರದ ಅಸ್ತ್ರವೊಂದಿದೆ, ರಿಲೀವಿಂಗ್ ಲೆಟರ್. ಅದು ಸಿಗದಿದ್ದರೆ ಮುಂದಿನ ಕೆಲಸದ ಬಾಗಿಲು ತೆರೆಯುವುದು ಕಷ್ಟ. ಎಷ್ಟೋ ತಕರಾರುಗಳು ಕೋರ್ಟಿನ ಮೆಟ್ಟಿಲು ಹತ್ತದೆ, ನೌಕರ ಹಣ ಕಟ್ಟುವುದರಲ್ಲಿ ಮುಗಿಯುತ್ತವೆ.

ಮೆಟ್ಟಿಲು ಹತ್ತಿದ ಒಂದು ಪ್ರಕರಣ ಕರ್ನಾಟಕದ್ದೇ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2006ರಲ್ಲಿ ಅಧಿಕಾರಿಗಳ ನೇಮಕಕ್ಕೆ ಪ್ರಕಟಣೆ ಹೊರಡಿಸಿದಾಗ, ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಬಾಂಡ್ ಕೇಳಿತು. 2007ರಲ್ಲಿ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೊರಟರು. ಹಣವನ್ನು ಪ್ರತಿಭಟಿಸಿಯೇ ಕಟ್ಟಿ ಹೈಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತು. ಸುಪ್ರೀಂ ಕೋರ್ಟ್ 2025ರ ಮೇ 14ರಂದು ಆ ತೀರ್ಪನ್ನು ತಿರುಗಿಸಿತು. ಈ ಷರತ್ತು ಬೇರೆಡೆ ದುಡಿಯುವುದನ್ನು ತಡೆಯುವುದಿಲ್ಲ. ಸಾರ್ವಜನಿಕ ಬ್ಯಾಂಕಿಗೆ ನೇಮಕವೆಂದರೆ ಸಮಯವೂ ಖರ್ಚೂ ಹಿಡಿಯುವ ಕೆಲಸ. ಆ ದರ್ಜೆಯ ಅಧಿಕಾರಿಗೆ 2 ಲಕ್ಷ ಹೆಚ್ಚಲ್ಲ ಎಂದಿತು. ತೀರ್ಪು ಬರುವ ಹೊತ್ತಿಗೆ ವಿಜಯಾ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಗಿ ಆರು ವರ್ಷ ಕಳೆದಿತ್ತು.

ಅದೇ ವರ್ಷದ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1936ರ ಕಾಯ್ದೆ ಎರಡನೆಯ ಕೆಲಸದ ದಿನದೊಳಗೆ ಬಾಕಿ ಕೊಡಿ ಎಂದದ್ದು ಮಾಲೀಕ ತೆಗೆದುಹಾಕಿದವರಿಗೆ ಮಾತ್ರ. ವೇತನ ಸಂಹಿತೆಯ 17ನೇ ಕಲಮು ಆ ಸಾಲಿಗೆ ತಾವಾಗಿ ರಾಜೀನಾಮೆ ಕೊಟ್ಟವರನ್ನೂ ಸೇರಿಸಿದೆ: ಎರಡು ಕೆಲಸದ ದಿನಗಳೊಳಗೆ ಅವರ ಸಂಬಳದ ಬಾಕಿ ಕೈಸೇರಬೇಕು.