ಕೊಡೇಕಲ್ಲಿನಿಂದ ಕುಸುಮಬಾಲೆಗೆ



ಟಿವಿ ಕಾಮಿಡಿ ಶೋದಾಗ ನಮ್ಮ ಕಡೆ ಮಾತು ಬಂದ್ರ ಸಾಕು, ಜನ ನಗ್ತಾರ. ಆಡಿದವನು ದಡ್ಡ, ಇಲ್ಲಾ ಗುಳೆ ಬಂದವನು. ಯಾದಗಿರಿ, ಶಹಾಪುರ, ಸುರಪುರದ ನಮ್ಮ ಹುಡುಗರು ಬೆಂಗಳೂರಿಗೆ ಹೋದ ಕೂಡ್ಲೆ ಮಾತು ಬದಲಿಸೋದು ಈ ನಗುವಿಗೆ ಅಂಜಿ. ಅವರಿಗಾಗಿ ಒಂದು ಚರಿತ್ರೆ ಹೇಳ್ತೀನಿ.

ಹಳೇ ಸುರಪುರ ತಾಲ್ಲೂಕಿನ, ಈಗಿನ ಹುಣಸಗಿ ತಾಲ್ಲೂಕಿನ ಊರು ಕೊಡೇಕಲ್. ಅಲ್ಲಿಯ ಕೊಡೇಕಲ್ ಬಸವಣ್ಣನದು ಕಾಲಜ್ಞಾನ ಹೇಳಿದ, ಹಿಂದೂ-ಮುಸ್ಲಿಂ ಗೆರೆ ಅಳಿಸಿದ ಪರಂಪರೆ. ಮಂಟೇಸ್ವಾಮಿಯೂ ಇದೇ ಪರಂಪರೆಯಿಂದ ದಕ್ಷಿಣಕ್ಕೆ ಹೋದವನು ಅಂತ ಅನೇಕ ಸಂಶೋಧಕರು ಗುರುತಿಸ್ತಾರ. ಅವನ ಗದ್ದುಗೆ ಇರೋದು ಮಳವಳ್ಳಿ ತಾಲ್ಲೂಕಿನ ಬೊಪ್ಪಗೌಡನಪುರದಾಗ. ಅವನ ಕಥೆಯನ್ನ ತಂಬೂರಿ, ಗಗ್ಗರ ಹಿಡಿದು ರಾತ್ರಿಯಿಡೀ ಹಾಡ್ತಾ ಉಳಿಸಿದವರು ನೀಲಗಾರರು. ಅವರೊಳಗ ಬಹಳ ಮಂದಿ ನಮ್ಮ ದಲಿತರು.

ಆ ಕಾವ್ಯದಾಗ ಮಂಟೇಸ್ವಾಮಿ ನಾರುವ ಮೈಯ ತಿರುಕನಾಗಿ ಕಲ್ಯಾಣದ ಬಾಗಿಲಿಗೆ ಬರ್ತಾನ. ಶರಣರ ಊರಲ್ಲೇ ಅವನಿಗೆ ಜಾಗ ಇಲ್ಲ! ವೇಷ ಹಾಕಿ ಉಣ್ಣೋಕೆ ಕೂತವರ ಬಣ್ಣ ಬಯಲು ಮಾಡ್ತಾನ. ಕೇಳಿದವರು ನಗ್ತಾರ. ಆದ್ರ ಅಲ್ಲಿ ನಗು ಮೇಲೆ ಕೂತವರ ಕಡೆ ತಿರುಗಿರ್ತದ, ತಿರುಕನ ಕಡೆ ಅಲ್ಲ. ಟಿವಿ ನಗೆಗೂ ಈ ನಗೆಗೂ ಇರೋ ವ್ಯತ್ಯಾಸ ಇದೇ.

ಈ ಕಾವ್ಯ ಹಳ್ಳಿಯಲ್ಲೇ ನಿಲ್ಲಲಿಲ್ಲ. ಎಚ್.ಎಸ್. ಶಿವಪ್ರಕಾಶ್ ಇದರಿಂದ 'ಮಂಟೇಸ್ವಾಮಿ ಕಥಾಪ್ರಸಂಗ' ನಾಟಕ ಬರೆದರು. 1984ರಲ್ಲಿ ದೇವನೂರ ಮಹಾದೇವರ 'ಕುಸುಮಬಾಲೆ' ಬಂತು. ಮೇಲ್ಜಾತಿ ಹುಡುಗಿಯನ್ನ ಪ್ರೀತಿಸಿದ ಚೆನ್ನನ ಕೊಲೆಯ ಕಥೆ. ಅದರ ಉಸಿರು ಮಂಟೇಸ್ವಾಮಿ, ಮಾದೇಶ್ವರ ಕಾವ್ಯ ಹಾಡೋರ ಉಸಿರು. ಪಾತ್ರಗಳಷ್ಟೇ ಅಲ್ಲ, ಲೇಖಕರೂ ನಂಜನಗೂಡು ಸೀಮೆಯ ಆಡುಮಾತಲ್ಲೇ ಕಥೆ ಹೇಳ್ತಾರ. ಅದನ್ನ ಕೇಳಿ ಯಾರೂ ನಗಲಿಲ್ಲ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಂಗೀತದಾಗೂ ಹಿಂಗೇ. ಮಾದೇಶ್ವರನ ಗುಡ್ಡರು ಹಾಡ್ತಿದ್ದ 'ಕೋಲುಮಂಡೆ' 1996ರ 'ಜನುಮದ ಜೋಡಿ' ಸಿನಿಮಾದ ಮೂಲಕ ಮನೆಮನೆ ಮುಟ್ಟಿತು. ಆಮೇಲೆ ರ‍್ಯಾಪ್ ಕೂಡ ಆಯ್ತು.

ಪ್ರೇರಣೆ ಪಡೆಯೋದು ತಪ್ಪು ಅಂತ ನಾನು ಹೇಳ್ತಿಲ್ಲ. ನೀಲಗಾರರೂ ಗುರುವಿಂದ ಪಡೆದೇ ಹಾಡಿದವರು. ಆದ್ರ ಅವರು ಹಾಡೋ ಮೊದಲು ಗುರುವಿನ ಹೆಸರು ಹಿಡೀತಾರ. ಇವತ್ತು ಧಾಟಿ ತಗೊಳ್ಳೋರು 'ಜಾನಪದ' ಅಂತ ಒಂದೇ ಪದ ಹಾಕಿ ಕೈ ತೊಳ್ಕೊತಾರ. ಹಾಡಿದ ಬಾಯಿಗೆ ಹೆಸರಿಲ್ಲ, ಸಂಭಾವನೆನೂ ಇಲ್ಲ.

ಅದಕ್ಕೇ ಒಂದು ಕೆಲಸ ಮಾಡೋಣ. ನಿಮ್ಮ ಕೇರಿಯಾಗ ತತ್ವಪದ ಹಾಡೋ ಅಜ್ಜಿ, ಮೊಹರಂ ಪದ ಕಟ್ಟೋ ಕಾಕಾ, ಹಲಗಿ ಬಾರ್ಸೋ ಅಣ್ಣ ಇದ್ದೇ ಇರ್ತಾರ. ಅವರನ್ನ ಕೇಳಿ, ಒಪ್ಪಿದ್ರ ಮೊಬೈಲಲ್ಲಿ ರೆಕಾರ್ಡ್ ಮಾಡಿ. ಹೆಸರು, ಊರು, ಯಾರಿಂದ ಕಲಿತರು ಎಲ್ಲಾ ಬರೆದಿಡ್ರಿ. ನಾಳೆ ಯಾರಾದ್ರೂ ಧಾಟಿ ಒಯ್ದರ, ಇದು ಇವರದು ಅಂತ ತೋರಿಸೋಕೆ ನಮ್ಮ ಕೈಯಾಗ ಪುರಾವೆ ಇರಬೇಕು.

ಮತ್ತ ಬೆಂಗಳೂರಲ್ಲಿರೋ ತಮ್ಮಂದಿರೇ, ತಂಗಿಯರೇ, ನಮ್ಮ ಮಾತು ಬಿಡಬ್ಯಾಡ್ರಿ.